ಪಿಂಗಾಣಿ ಪುಡಿ ಮಾಡುವ ಮೇಷ್ಟ್ರು

ಶಾಂತಕ್ಕ ಆಡಿದ್ದು ಹೊಗಳಿಕೆಯ ಮಾತು. ಅದರಲ್ಲಿ ಯಾರಿಗೂ ಅನುಮಾನ ಬೇಡ. ತನ್ನ ಮನೆಯ ಅರ್ಧ ಭಾಗದಲ್ಲಿ ಬಾಡಿಗೆಗಿದ್ದ ಮೇಷ್ಟ್ರನ್ನು ಆಕೆ ಒಡಹುಟ್ಟಿದ ತಮ್ಮನಂತೆ ಕಾಣುತ್ತಿದ್ದಳು. ಅವರಿಗೊಂದು ಮದುವೆಯಾಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಆದರೆ ಹೊಗಳುವಾಗಲೂ ಶಬ್ದ ನೋಡಿಕೊಂಡು ಹೊಗಳಬೇಕು ಅನ್ನುವುದು ಪಾಪ, ಆಕೆಗೆ ಗೊತ್ತಿರಲಿಲ್ಲ.

ತೊಂಬತ್ತೇಳನೇ ಇಸವಿಯ ಒಂದು ಭಾನುವಾರ. ಹೊಳಲ್ಕೆರೆಯ ಆ ಬೀದಿಯಲ್ಲಿ ಶಾಂತಕ್ಕ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಾಗ, ಹೊಸದುರ್ಗದ ಮೊದಲ ಬಸ್ಸಿನಲ್ಲಿ ಬಂದಿಳಿದ ಒಬ್ಬಾತ ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಹತ್ತಿರ ಬಂದ. ಅವನ ಹೆಸರು ಜಂಪಣ್ಣ. ಮೇಷ್ಟ್ರಿಗೆ ನೋಡಿದ್ದ ಹುಡುಗಿಯ ಸೋದರಮಾವ. ಹುಡುಗಿಯ ಅಪ್ಪ ಮಧ್ಯಾಹ್ನದ ಹೊತ್ತಿಗೆ ಮನೆ ನೋಡಲು ಬರುವವರಿದ್ದರು. ಅದಕ್ಕೆ ಮುಂಚೆ ಗುಟ್ಟಾಗಿ ಬಂದು ಹುಡುಗನ ನಡತೆ ವಿಚಾರಿಸುವುದು ಸೋದರಮಾವನ ಕೆಲಸ. ಗುಟ್ಟು ಎಂಬುದೆಲ್ಲ ಅವನ ಲೆಕ್ಕ. ಶಾಂತಕ್ಕನಿಗೆ ಅವನು ಯಾರೆಂದು ಕಂಡ ಕೂಡಲೇ ತಿಳಿದುಹೋಯಿತು. ಅದಕ್ಕೇ ಹೊಗಳಿಕೆಯನ್ನು ಧಾರಾಳವಾಗಿ ಸುರಿದಳು.

"ಪ್ರಸನ್ನಕುಮಾರ್ ಮೇಷ್ಟ್ರಾ? ಬಂಗಾರದಂಥ ಮನುಷ್ಯ ಕಣ್ರಿ. ಕುಡಿಯಲ್ಲ, ಸೇದಲ್ಲ, ಇಸ್ಪೀಟು ಮುಟ್ಟಲ್ಲ. ರಜಾ ಬಂತು ಅಂದ್ರೆ ಬಾಗ್ಲು ಹಾಕ್ಕಂಡು ಒಳಗೆ ಪಿಂಗಾಣಿ ಪುಡಿ ಮಾಡ್ತಾರೆ, ಅಷ್ಟೇ."

ಜಂಪಣ್ಣನ ಬೀಡಿ ತುಟಿಯಲ್ಲೇ ನಿಂತಿತು. "ಪಿಂಗಾಣಿ ಅಂದ್ರೆ? ಈ ಕಪ್ಪು ಬಸಿ ಪಿಂಗಾಣಿನಾ?"

"ಅದೇ ಜಾತಿದು ಅಂತಾರಪ್ಪ. ನಂಗೇನು ಗೊತ್ತು."

"ದಿನಾ ಪುಡಿ ಮಾಡ್ತಾರಾ?"

"ದಿನಾ ಎಲ್ಲಿ ಆಗ್ತೈತೆ? ಮೊದ್ಲು ಬಿಸಿ ಏರ್ಬೇಕಲ್ಲ. ಏರಿದ ಮ್ಯಾಲೆ ಕೆಂಪಗೆ ಆಗ್ತೈತೆ ನೋಡ್ರಿ, ನಾನೂ ಹತ್ರ ಹೋಗಲ್ಲ. ಒಂದ್ಸಲ ಶುರುವಾದ್ರೆ ಮುಗಿಯಗಂಟ ಊಟನೂ ಇಲ್ಲ, ನೀರೂ ಇಲ್ಲ."

"ಅಯ್ಯಯ್ಯೋ! ಆಮ್ಯಾಲೆ?"

"ಆಮ್ಯಾಲೇನು? ಎಲ್ಲ ತಣ್ಣಗಾದ ಮ್ಯಾಲೆ ಅವರೇ ಪುಡಿ ಬಳಕಂಡು ಸೀಸೇಲಿ ತುಂಬಿ ಇಡ್ತಾರೆ. ಎಷ್ಟು ನುಣ್ಣಗೆ ಅಂತೀರಿ! ರಾಗಿ ಹಿಟ್ಟು ಅದರ ಮುಂದೆ ಜಲ್ಲಿಕಲ್ಲು. ಗೋಡೆ ತುಂಬ ಸೀಸೆ ಅವೆ. ಯಾವತ್ತು ಪುಡಿ ಮಾಡಿದ್ದು ಅಂತ ಒಂದೊಂದ್ರ ಮ್ಯಾಲೂ ತಾರೀಕು ಹಾಕವ್ರೆ."

ಜಂಪಣ್ಣ ಬೀಡಿ ಎಸೆದು, ಬಂದ ದಾರಿಯಲ್ಲೇ ಬಿರಬಿರನೆ ಹೊರಟುಹೋದ. ಶಾಂತಕ್ಕ ರಂಗೋಲಿಗೆ ಇನ್ನೊಂದು ಎಳೆ ಎಳೆದಳು. ಒಳ್ಳೆಯ ಕೆಲಸ ಮಾಡಿದ ಖುಷಿ ಮುಖದ ಮೇಲಿತ್ತು.

ನಮ್ಮ ಕನ್ನಡದಲ್ಲಿ ಇದೊಂದು ತಾಪತ್ರಯ. ಮೆಣಸಿನಕಾಯಿ ಪುಡಿ ಮಾಡಿದರು ಅಂದರೆ ಅಡಿಗೆ. ಮನೆ ಸಾಮಾನೆಲ್ಲ ಪುಡಿ ಮಾಡಿದರು ಅಂದರೆ ಪೊಲೀಸು ಕೇಸು. ಪಿಂಗಾಣಿ ಪುಡಿ ಮಾಡಿದರು ಅಂದರೆ ಏನು, ನೀವೇ ಹೇಳಿ?

ಪ್ರಸನ್ನಕುಮಾರ್ ಅಲ್ಲಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ. ವಯಸ್ಸು ಮೂವತ್ತು ದಾಟಿತ್ತು, ಹಣೆಯ ಮೇಲಿನ ಕೂದಲು ಹಿಂದಕ್ಕೆ ಪ್ರಯಾಣ ಬೆಳೆಸಿತ್ತು. ಅವರು ಮಾಡುತ್ತಿದ್ದುದು ಒಡೆಯುವ ಕೆಲಸವಲ್ಲ, ಅದರ ತದ್ವಿರುದ್ಧ. ಅಲ್ಯೂಮಿನಿಯಂ ಲವಣವೊಂದನ್ನು ನೀರಿನಲ್ಲಿ ಕರಗಿಸಬೇಕು. ಆ ನೀರನ್ನು ಮುಂಜಾನೆಯ ಮಂಜಿಗಿಂತ ಸಣ್ಣ ತುಂತುರಾಗಿ ಎಬ್ಬಿಸಿ, ಕೆಂಪಗೆ ಕಾದ ಕೊಳವೆಯ ಒಂದು ತುದಿಗೆ ಊದಬೇಕು. ಕೊಳವೆ ದಾಟುವ ಒಂದೆರಡು ಉಸಿರಿನಷ್ಟು ಹೊತ್ತಿನಲ್ಲಿ ನೀರು ಆರಿ, ಲವಣ ಸುಟ್ಟು, ಒಂದೊಂದು ಹನಿಯೂ ಒಂದೊಂದು ಪಿಂಗಾಣಿ ಕಾಳಾಗಿ ಆ ತುದಿಯ ಜಾಡಿಗೆ ಬಂದು ಬೀಳುತ್ತದೆ. ಹನಿ ಗುಂಡಗಿದ್ದುದರಿಂದ ಕಾಳೂ ಗುಂಡಗೆ.

ಇದನ್ನು ದೊಡ್ಡ ಊರಿನ ಪ್ರಯೋಗಾಲಯದಲ್ಲಿ ಮಾಡಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಮೇಷ್ಟ್ರು ಮಾಡಿದ್ದು ಬಚ್ಚಲ ಪಕ್ಕದ ಕೋಣೆಯಲ್ಲಿ. ತುಂತುರು ಎಬ್ಬಿಸಲು, ಆಸ್ಪತ್ರೆಯಲ್ಲಿ ಉಬ್ಬಸದವರ ಮೂಗಿಗೆ ಹಿಡಿಯುವ ಹಳೆಯ ಯಂತ್ರ. ಗಾಳಿ ಊದಲು, ಬಣ್ಣದ ಮೀನು ಸಾಕುವವರ ಪಂಪು. ಕಾಯಿಸಲು, ತಾವೇ ತಂತಿ ಸುತ್ತಿ ಕಟ್ಟಿದ ಕುಲುಮೆ. ಕರೆಂಟು ಬಂದರೆ ಬಂತು, ಹೋದರೆ ಹೋಯಿತು ಅನ್ನುವ ಊರಿನಲ್ಲಿ ಮೂರು ವರ್ಷ ಸೋತು, ಬೈಸಿಕೊಂಡು, ಕೈ ಸುಟ್ಟುಕೊಂಡು ಕೊನೆಗೆ ಗೆದ್ದರಲ್ಲ, ಅದಕ್ಕೆ ನಾನಂತೂ ಎರಡು ಕೈ ಎತ್ತಿ ಮುಗಿಯುತ್ತೇನೆ.

ಎಲ್ಲಕ್ಕಿಂತ ಅಮೂಲ್ಯವಾದದ್ದು ಆ ಕೊಳವೆ. ಅದೂ ಪಿಂಗಾಣಿಯ ಜಾತಿಯದೇ. ಎಂಥ ಬೆಂಕಿಯನ್ನೂ ತಡೆಯುತ್ತದೆ, ಕೈ ಜಾರಿದರೆ ಮಾತ್ರ ತಡೆಯುವುದಿಲ್ಲ. ಕುಲುಮೆಯಲ್ಲಿದ್ದ ಕೊಳವೆ ಆಗಲೇ ಬಿರುಕು ಬಿಟ್ಟು ಇವತ್ತೋ ನಾಳೆಯೋ ಅನ್ನುವಂತಿತ್ತು. ಅದಕ್ಕೇ ಬೆಂಗಳೂರಿಗೆ ಪತ್ರದ ಮೇಲೆ ಪತ್ರ ಬರೆದು ಇನ್ನೊಂದು ತರಿಸಿ, ನಡುಮನೆಯ ಮಂಚದ ಕೆಳಗೆ ಹಳೇ ಕಂಬಳಿಯಲ್ಲಿ ಸುತ್ತಿ, ಎಳೆಗೂಸಿನಂತೆ ಮಲಗಿಸಿದ್ದರು. ಉರುಳಬಾರದೆಂದು ಎರಡೂ ಪಕ್ಕ ಇಟ್ಟಿಗೆ ಬೇರೆ. ಯಾಕೆಂದರೆ ಶಾಂತಕ್ಕನ ಮನೆಯ ನೆಲ ಬಾಗಿಲ ಕಡೆಗೆ ಇಳಿಜಾರು. ತೊಳೆದ ನೀರು ಸರಾಗವಾಗಿ ಹೋಗಲಿ ಎಂದು ಕಟ್ಟಿದ ಮೇಸ್ತ್ರಿ ಸ್ವಲ್ಪ ಹೆಚ್ಚೇ ಧಾರಾಳ ಮಾಡಿದ್ದ.

ಇನ್ನು ಹುಡುಗಿಯ ವಿಷಯ. ಹಿಂದಿನ ಭಾನುವಾರ ಮೇಷ್ಟ್ರು ಹೊಸದುರ್ಗಕ್ಕೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿಯ ಅಪ್ಪ ಚಿತ್ರಲಿಂಗಪ್ಪನವರಿಗೆ ಪೇಟೆಯಲ್ಲಿ ಪಾತ್ರೆ, ಪಿಂಗಾಣಿ ಸಾಮಾನಿನ ಅಂಗಡಿ. ಅಷ್ಟಿದ್ದೂ ಕಾಫಿ ಬಂದದ್ದು ಸ್ಟೀಲ್ ಲೋಟದಲ್ಲಿ. ಹುಡುಗಿ ಹೇಮಾವತಿ ತಲೆ ತಗ್ಗಿಸಿ ಕೂರಲಿಲ್ಲ. ನೇರವಾಗಿ ನೋಡಿ, "ನೀವೇನೋ ರಿಸರ್ಚ್ ಮಾಡ್ತೀರಂತಲ್ಲ, ಏನದು?" ಅಂದಳು. ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಜಂಪಣ್ಣ ಅಡ್ಡ ಬಂದು, "ಅದೆಲ್ಲ ನಿಂಗ್ಯಾಕಮ್ಮ ಈಗ, ಒಳಗೆ ಹೋಗು," ಅಂದ. ಹೇಮಾವತಿ ಎದ್ದು ಹೋದಳು. ಮರುಗಳಿಗೆ ಅಡಿಗೆಮನೆಯಿಂದ ಏನೋ ಫಳ್ ಎಂದು ಬಿದ್ದ ಸದ್ದು. ಆಮೇಲೆ ಇನ್ನೊಂದು. ಚಿತ್ರಲಿಂಗಪ್ಪನವರು ಕೆಮ್ಮಿ, "ಬೆಕ್ಕಿನ ಕಾಟ," ಅಂದರು.

ಮೇಷ್ಟ್ರು ಆ ಬೆಕ್ಕಿನ ಸದ್ದನ್ನು ಮನಸ್ಸಿಗೆ ಹಾಕಿಕೊಳ್ಳಲೇ ಇಲ್ಲ. ಈ ಮೂರು ವರ್ಷದಲ್ಲಿ 'ಏನದು' ಎಂದು ಕೇಳಿ, ಉತ್ತರಕ್ಕಾಗಿ ಕಾದು ಕುಳಿತ ಮೊದಲ ಜೀವ ಅದು. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ತೀರ್ಮಾನವಾಯಿತು. ಅವಳಿಗೆ ಉತ್ತರವಾಗಿ ಕಳಿಸಲೆಂದು ಪುಟ್ಟ ಸೀಸೆಯೊಂದರಲ್ಲಿ ತುಂಬ ಚೆನ್ನಾಗಿ ಬಂದ ಪುಡಿಯನ್ನು ತುಂಬಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು.

ಆ ಭಾನುವಾರ ಕರೆಂಟು ಒಳ್ಳೆಯದಿತ್ತು. ಮೇಷ್ಟ್ರು ಬೆಳಗಿನ ಜಾವಕ್ಕೇ ಕುಲುಮೆ ಹಚ್ಚಿ, ಅದು ಏರುತ್ತಿರುವಾಗ ಮುಖಕ್ಕೆ ಸೋಪು ಬಳಿದುಕೊಂಡು ಕ್ಷೌರಕ್ಕೆ ಕೂತಿದ್ದರು. ಆಗ ಅವರದೇ ಕಾಲೇಜಿನ ಕನ್ನಡ ಅಧ್ಯಾಪಕ ದಯಾನಂದ ಏದುಸಿರು ಬಿಡುತ್ತ ಒಳಗೆ ನುಗ್ಗಿದ.

"ಕೆಟ್ಟೆ ಕಣಪ್ಪ ಪ್ರಸನ್ನ! ಹೋಟ್ಲಲ್ಲಿ ಇಡ್ಲಿ ತಿಂತಾ ಇದ್ದೆ. ಎದುರಿಗೆ ಒಬ್ಬ ಕುಂತ್ಕಂಡು, ಪಿಂಗಾಣಿ ಪುಡಿ ಮಾಡೋ ಮೇಷ್ಟ್ರು ಗೊತ್ತೇನ್ರಿ ಅಂದ. ಗೊತ್ತಿಲ್ದೆ ಏನ್ರಿ, ಅವನಿಗೆ ಅದೊಂಥರ ಹುಚ್ಚು, ಕಾಲೇಜಲ್ಲೂ ಒಂದ್ಸಲ ಮಾಡಿ ತೋರಿಸಿದ್ದ, ಹುಡುಗ್ರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ರು ಅಂದೆ."

"ಒಳ್ಳೇದೇ ಹೇಳಿದೀಯಲ್ಲೋ."

"ಪೂರ್ತಿ ಕೇಳು. ಅವನು ಇಡ್ಲಿ ಅಲ್ಲೇ ಬಿಟ್ಟು ಎಸ್‌ಟಿಡಿ ಬೂತಿಗೆ ಓಡಿದ. ಫೋನಲ್ಲಿ ಕಿರಚ್ತಾನೆ: ಭಾವ, ಎರಡು ಕಡೆ ಕೇಳ್ದೆ, ಸುದ್ದಿ ನಿಜ. ಸಿಟ್ಟು ಬಂದ್ರೆ ಪಿಂಗಾಣಿ ಒಂದೂ ಉಳ್ಸಲ್ವಂತೆ. ಒಡೆದು ಪುಡಿ ಮಾಡಿ ತಾರೀಕು ಬರೆದು ಇಡ್ತಾನಂತೆ. ಮಧ್ಯಾಹ್ನದಗಂಟ ಕಾಯಬ್ಯಾಡ್ರಿ, ಈಗ್ಲೇ ಹೊರಡ್ರಿ!"

ಮೇಷ್ಟ್ರ ಅರ್ಧ ಕೆನ್ನೆಯ ಸೋಪು ಅಲ್ಲೇ ಒಣಗಿತು. "ಜಗಳಕ್ಕೆ ಬರ್ತಾ ಇದಾರಾ? ಬರ್ಲಿ. ಇದು ಲವಣದ ತುಂತುರಿಂದ ಮಾಡೋದು ಅಂತ ತಿಳಿಸಿ ಹೇಳ್ತೀನಿ."

"ಏನಂತ ಹೇಳ್ತೀಯ? ಉಪ್ಪುನೀರು ಊದಿ ಪಿಂಗಾಣಿ ಮಾಡ್ತೀನಿ ಅಂತನಾ? ಈಗ ಸಿಟ್ಟಿನೋನು ಅಂದ್ಕಂಡವ್ರೆ, ಆಮೇಲೆ ತಲೆ ಕೆಟ್ಟೋನು ಅಂದ್ಕತಾರೆ. ನಾನು ಹೇಳ್ದಂಗೆ ಕೇಳು."

ದಯಾನಂದ ಹೇಳಿದ್ದು ಇಷ್ಟು. ಮನೆಯಲ್ಲಿ ಪಿಂಗಾಣಿ ಎಂಬುದು ಒಂದು ಚೂರೂ ಕಾಣಬಾರದು. ಕೋಣೆಯ ಬಾಗಿಲು ಮುಚ್ಚಿರಬೇಕು. ಅವರು ಏನೇ ಅಂದರೂ ಮೇಷ್ಟ್ರು ನಗುತ್ತಿರಬೇಕು. 'ಪಿಂಗಾಣಿ' ಮತ್ತು 'ಪುಡಿ' ಎಂಬ ಎರಡು ಶಬ್ದ ಯಾರ ಬಾಯಲ್ಲೂ ಬರಬಾರದು.

ಶಾಂತಕ್ಕ ಎರಡೂ ಮನೆಯ ಕಪ್ಪು, ಬಸಿ, ಜಾಡಿಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಎದುರು ಮನೆಯ ಪಾಲಮ್ಮನ ಹತ್ತಿರ ಇಟ್ಟು ಬಂದಳು. ಪಾಲಮ್ಮ ಬೀಗ ಹಾಕಿಕೊಂಡು ಚಿಕ್ಕಜಾಜೂರಿಗೆ ರೈಲು ಹಿಡಿಯಲು ಹೋದಳು. ಹೀಗೆ ಪಿಂಗಾಣಿಯ ಕಾಟ ತೊಲಗಿತು. ಶಬ್ದದ ಕಾಟ ತೊಲಗಲಿಲ್ಲ. "ಕಾಫಿ ಪು…" ಎಂದು ಶುರು ಮಾಡಿದ ಶಾಂತಕ್ಕ ನಾಲಿಗೆ ಕಚ್ಚಿಕೊಂಡು, "ಆ ಕಾಫಿ ಹಾಕೋದು ಐತಲ್ಲ, ಅದು ಮುಗಿದೈತೆ," ಅಂದಳು. ಉಪ್ಪಿಟ್ಟಿನ ಜೊತೆ ಚಟ್ನಿಪುಡಿ ಕೊಡಬೇಕೋ ಬೇಡವೋ ಎಂದು ಒಂದು ಸಣ್ಣ ಚರ್ಚೆಯೇ ನಡೆಯಿತು. ಕೊಡುವುದು, ಆದರೆ ಹೆಸರು ಹೇಳದೆ ಕೊಡುವುದು ಎಂದಾಯಿತು.

ಹತ್ತು ಗಂಟೆಗೆಲ್ಲ ಆಟೋ ಬಂದು ನಿಂತಿತು. ಚಿತ್ರಲಿಂಗಪ್ಪನವರು ಇಳಿದರು. ಹಿಂದೆ ಜಂಪಣ್ಣ, ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಇಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ, ಅವಸರವಿತ್ತು. ದಯಾನಂದನಿಗೆ ಅದೇ ಹೆಚ್ಚು ಭಯವಾಯಿತು.

"ಬರ್ರಿ ಬರ್ರಿ, ಕುಂತ್ಕಳ್ರಿ," ಅಂದರು ಮೇಷ್ಟ್ರು, ಬಾಯಿ ಕಿವಿಯವರೆಗೆ ಹಿಗ್ಗಿಸಿ.

ಜಂಪಣ್ಣ ಪೆಟ್ಟಿಗೆ ಬಿಚ್ಚಿದ. ಒಳಗಿಂದ ಹೂವಿನ ಚಿತ್ರದ ಹೊಚ್ಚ ಹೊಸ ಟೀ ಸೆಟ್ಟು ಹೊರಬಂತು. ಒಂದೊಂದೇ ಕಪ್ಪನ್ನು ಮೇಷ್ಟ್ರ ಮುಂದಿನ ಮೇಜಿನ ಮೇಲೆ ಜೋಡಿಸಿ, ಹೊರಳಿ ಹೋಗದಂತೆ ಬಸಿಯೊಳಗೆ ಕೂರಿಸಿದ. "ನಮ್ಮ ಅಂಗಡಿದು. ನಿಮಗೇ," ಅಂದ.

ಪರೀಕ್ಷೆ ಎಂದು ದಯಾನಂದ ಮೇಷ್ಟ್ರಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಮೇಷ್ಟ್ರು ಇನ್ನಷ್ಟು ನಕ್ಕರು.

"ಮನೆ ಭಾಳ ಇಕ್ಕಟ್ಟು," ಚಿತ್ರಲಿಂಗಪ್ಪನವರು ಶುರು ಮಾಡಿದರು.

"ಹೌದು, ಇಕ್ಕಟ್ಟು," ಮೇಷ್ಟ್ರು ನಕ್ಕರು.

"ಕೂದ್ಲು ಹೋದ್ವಾರಕ್ಕಿಂತ ಈ ವಾರ ಕಮ್ಮಿ ಆದಂಗೈತಲ್ಲ?" ಜಂಪಣ್ಣ ಒಂದು ಕಪ್ಪನ್ನು ಮೇಷ್ಟ್ರ ಕೈ ಹತ್ತಿರಕ್ಕೆ ಸರಿಸಿದ.

"ಇರಬಹುದು," ಮೇಷ್ಟ್ರು ನಕ್ಕರು.

ಶಾಂತಕ್ಕ ಸ್ಟೀಲ್ ಲೋಟದಲ್ಲಿ ಕಾಫಿ ತಂದಳು. ಜಂಪಣ್ಣ ಲೋಟ ತೆಗೆದುಕೊಂಡು, ಸ್ವಲ್ಪವೂ ಮುಚ್ಚುಮರೆಯಿಲ್ಲದೆ, ಅದನ್ನು ಮೇಷ್ಟ್ರ ಬಿಳಿ ಪಂಚೆಯ ಮೇಲೆ ಬಗ್ಗಿಸಿದ. ಲೋಟ ನೆಲಕ್ಕೆ ಬಿದ್ದು, ಇಳಿಜಾರಿನಲ್ಲಿ ಗಡಗಡ ಉರುಳಿ ಹೊಸ್ತಿಲಿಗೆ ಹೋಗಿ ಬಡಿಯಿತು. ಮೇಷ್ಟ್ರು ತೊಡೆ ಉರಿಯುತ್ತಿದ್ದರೂ ಎದ್ದು, ಲೋಟ ತಂದು, "ನಮ್ಮ ಮನೇಲಿ ಗುಂಡಗಿರೋದು ಯಾವುದೂ ನಿಲ್ಲಲ್ಲ, ತಪ್ಪು ತಿಳ್ಕೋಬೇಡಿ. ಇನ್ನೊಂದು ಲೋಟ ತರಿಸ್ಲಾ?" ಅಂದರು.

ಚಿತ್ರಲಿಂಗಪ್ಪನವರು ದೊಡ್ಡದಾಗಿ ಉಸಿರು ಬಿಟ್ಟರು. ಅದು ಸಮಾಧಾನದ ಉಸಿರು ಎಂದು ದಯಾನಂದ ಲೆಕ್ಕ ಹಾಕಿದ.

"ಕೆಮಿಸ್ಟ್ರಿ ಓದಿ ಏನ್ ಬಂತು?" ಜಂಪಣ್ಣ ಕೊನೆಯ ಬಾಣ ಬಿಟ್ಟ. "ನಮ್ಮೂರಾಗೆ ಸೋಪು ಮಾಡೋನು ಮೂರನೇ ಕ್ಲಾಸು. ಕೆಮಿಸ್ಟ್ರಿ ಅನ್ನೋದೇ ಒಂದು ಬೂಟಾಟಿಕೆ ಕಣ್ರಿ."

ಇದು ತಾಗಿತು. ಮೇಷ್ಟ್ರ ನಗು ತುಟಿಯ ಮೇಲೇ ಗಟ್ಟಿಯಾಯಿತು. ಕಿವಿ ಕೆಂಪಾಯಿತು. ಕೈ ತಾನಾಗಿ ಮುಂದೆ ಹೋಗಿ ಒಂದು ಕಪ್ಪನ್ನು ಹಿಡಿಯಿತು. ದಯಾನಂದ ಕಣ್ಣು ಮುಚ್ಚಿಕೊಂಡ. ಜಂಪಣ್ಣ ಮುಂದಕ್ಕೆ ಬಾಗಿದ. ಚಿತ್ರಲಿಂಗಪ್ಪನವರು ಕುರ್ಚಿಯ ತುದಿಗೆ ಬಂದರು.

ಮೇಷ್ಟ್ರು ಕಪ್ಪನ್ನು ಮೇಲೆತ್ತಿ, ಬೆಳಕಿಗೆ ಹಿಡಿದು, ಅಂಚಿಗೆ ಉಗುರಿನಿಂದ ಟಿಣ್ ಎಂದು ಬಡಿದರು. ಅವರ ಮುಖ ತಿಳಿಯಾಯಿತು. "ಎಷ್ಟು ಚೆನ್ನಾಗಿ ಸುಟ್ಟಿದಾರೆ ನೋಡಿ. ಸದ್ದಲ್ಲೇ ಗೊತ್ತಾಗುತ್ತೆ, ಒಂದು ಕೂದಲೆಳೆ ಬಿರುಕಿಲ್ಲ," ಎಂದು, ಮೊಟ್ಟೆ ಇಡುವಂತೆ ಬಸಿಯಲ್ಲಿ ಇಟ್ಟರು.

ಚಿತ್ರಲಿಂಗಪ್ಪನವರು ಹಿಂದಕ್ಕೆ ಒರಗಿದರು. ಅವರ ಕಣ್ಣಲ್ಲಿ ಏನೋ ಆರಿಹೋದಂತಿತ್ತು. ಗೆದ್ದೆವು ಎಂದುಕೊಂಡ ದಯಾನಂದ ಚಟ್ನಿಪುಡಿಯ ತಟ್ಟೆಯನ್ನು ಧೈರ್ಯವಾಗಿ ಮುಂದೆ ತಳ್ಳಿದ.

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಕುಲುಮೆ ಪೂರಾ ಬಿಸಿಯೇರಿತ್ತು. ಅದು ಏರಿದಾಗಲೆಲ್ಲ ಕರೆಂಟು ಇಳಿದು, ಪಕ್ಕದ ಭಾಗದಲ್ಲಿ ಶಾಂತಕ್ಕನ ಟೀವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಅಂಗೈಯಗಲ ಆಗುವುದು ಮೊದಲಿಂದಲೂ ಇದ್ದ ತಕರಾರು. ಆಗಷ್ಟೇ ಹೋಗಿ ಟೀವಿ ಮುಂದೆ ಕೂತಿದ್ದ ಶಾಂತಕ್ಕ ಎಲ್ಲ ಮರೆತು, ಗೋಡೆಯಾಚೆಯಿಂದ ಗಂಟಲು ಹರಿಯುವಂತೆ ಕೂಗಿದಳು:

"ಮೇಷ್ಟ್ರೇ! ಪಿಂಗಾಣಿ ಪುಡಿ ಮಾಡೋದು ಸ್ವಲ್ಪ ನಿಲ್ಸ್ರಿ! ಟೀವಿ ಕುಗ್ತಾ ಐತೆ!"

ಜಂಪಣ್ಣ ಸ್ಪ್ರಿಂಗಿನಂತೆ ಎದ್ದ. "ಒಳಗೆ ಐತಾ? ಈಗ್ಲೇ ನಡೀತಾ ಐತಾ? ಭಾವ, ಬರ್ರಿ, ನೋಡಾಣ!" ಅವನ ದನಿಯಲ್ಲಿ ಅದೇನು ಹುರುಪು! ಇಬ್ಬರೂ ಕೋಣೆಯ ಬಾಗಿಲು ತಳ್ಳಿ ನುಗ್ಗಿಯೇಬಿಟ್ಟರು.

ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಮೇಷ್ಟ್ರು ಕಾಫಿಯ ಕಲೆಯ ಪಂಚೆಯಲ್ಲೇ ಒಳಗೆ ಬಂದು, ಕಿಟಕಿ ಮುಚ್ಚಿ ಕತ್ತಲು ಮಾಡಿ, ಯಂತ್ರ ಹಾಕಿದರು.

ಡಬ್ಬಿಯೊಳಗೆ ನೀರು ತಳಮಳಿಸಿ ಬೆಳ್ಳಗೆ ಮಂಜೆದ್ದಿತು. ಆ ಮಂಜು ಗಾಜಿನ ನಳಿಕೆಯಲ್ಲಿ ಹೊರಳುತ್ತ ಹೋಗಿ, ಉದಯದ ಸೂರ್ಯನಂತೆ ಹೊಳೆಯುವ ಕೊಳವೆಯ ಬಾಯೊಳಗೆ ಮಾಯವಾಯಿತು. ಆ ತುದಿಯ ಜಾಡಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ, ಇದೆಯೋ ಇಲ್ಲವೋ ಅನ್ನುವಂತೆ, ಬಿಳಿಯದೊಂದು ನೆರಳು ಗಾಜಿನ ಮೇಲೆ ಕೂರತೊಡಗಿತು.

ಮೇಷ್ಟ್ರು ಹೇಳತೊಡಗಿದರು. ಮೂರು ವರ್ಷ ಯಾರೂ ಕೇಳದೆ ಗಂಟಲಲ್ಲೇ ಉಳಿದಿದ್ದ ಮಾತು ಹೊಳೆಯ ಹಾಗೆ ಹರಿಯಿತು. ಹನಿ ಹೇಗೆ ಆರುತ್ತದೆ, ಲವಣ ಹೇಗೆ ಸುಡುತ್ತದೆ, ಬೆಂಕಿ ತುಸು ಹೆಚ್ಚಾದರೆ ಕಾಳು ಹೇಗೆ ಒಳಗೆ ಟೊಳ್ಳಾಗುತ್ತದೆ, ಎಲ್ಲ ಹೇಳಿದರು. ಬೆಂಗಳೂರಿನ ದೊಡ್ಡ ಸೂಕ್ಷ್ಮದರ್ಶಕದಲ್ಲಿ ತೆಗೆಸಿದ ಫೋಟೋ ತೋರಿಸಿದರು. ಬೂಂದಿ ಕಾಳು ಹರವಿದಂತೆ ಗುಂಡು ಗುಂಡು ಕಾಳು, ಒಂದಕ್ಕೂ ಮೂಲೆಯಿಲ್ಲ.

"ಇದು ಇಷ್ಟು ದುಂಡಗೆ ಯಾಕಿರ್ಬೇಕು?" ಚಿತ್ರಲಿಂಗಪ್ಪನವರ ದನಿ ಇಳಿದಿತ್ತು.

"ದುಂಡಗಿದ್ರೆ ಉರುಳ್ತವೆ. ಉರುಳಿದ್ರೆ ಅಚ್ಚಿನೊಳಗೆ ಒಂದರ ಪಕ್ಕ ಒಂದು ಒತ್ತಾಗಿ ಕೂರ್ತವೆ. ಹಂಗೆ ಕೂತಿದ್ದನ್ನ ಸುಟ್ರೆ ಕಲ್ಲಿಗಿಂತ ಗಟ್ಟಿ. ನಿಮ್ಮ ಮೊಪೆಡ್ಡಿನ ಪ್ಲಗ್ಗಲ್ಲಿ ಬೆಳ್ಳಗೆ ಐತಲ್ಲ, ಅದು ಇದರ ಅಣ್ಣನೋ ತಮ್ಮನೋ."

ಚಿತ್ರಲಿಂಗಪ್ಪನವರು ಒಂದು ಚಿಟಿಕೆ ಪುಡಿಯನ್ನು ಬೆರಳ ನಡುವೆ ಉಜ್ಜಿದರು. ಅದು ನೀರಿನಂತೆ ಜಾರಿತು. "ನಮ್ಮ ಅಪ್ಪನ ಕಾಲದಿಂದ ಪಿಂಗಾಣಿ ಮಾರ್ತಾ ಇದೀವಿ. ಒಂದಿನ ಅದರ ಒಳಗೇನೈತೆ ಅಂತ ಯೋಚ್ನೆ ಮಾಡ್ಲಿಲ್ಲ ನಾವು," ಅಂದರು. ಕಣ್ಣಂಚು ಒದ್ದೆಯಾಗಿತ್ತು. "ಮಂಜಿನಿಂದ ಪಿಂಗಾಣಿ! ಅದೂ ಬಚ್ಚಲ ಪಕ್ಕ ಕುಂತು! ಮೇಷ್ಟ್ರೇ, ನೀವು ಸಾಮಾನ್ಯರಲ್ಲ."

ಸ್ವಲ್ಪ ತಡೆದು ಕೇಳಿದರು: "ಅಂದ್ರೆ, ನೀವು ಏನನ್ನೂ ಒಡೆಯಲ್ಲ?"

"ಇಲ್ಲವೇ ಇಲ್ಲ!" ಮೇಷ್ಟ್ರು ಎದೆಯುಬ್ಬಿಸಿದರು. "ಒಡೆದು ಅರೆದ ಪುಡಿ ಚೂಪು ಚೂಪಾಗಿರುತ್ತೆ. ಒಂದನ್ನೂ ಒಡೆಯದೆ ಪುಡಿ ಮಾಡೋದೇ ಇದರ ಸೊಗಸು."

"ಸಿಟ್ಟು ಬಂದಾಗ್ಲೂ ಒಡೆಯಲ್ಲ?"

"ಸಿಟ್ಟಾ?" ದಯಾನಂದ ನಡುವೆ ನುಗ್ಗಿದ. "ನಮ್ಮ ಪ್ರಸನ್ನ ಹುಟ್ಟಿದಾಗಿಂದ ಒಂದು ಬಸಿ ಒಡೆದಿಲ್ಲ. ಬೇಕಾದ್ರೆ ಬರೆದು ಕೊಡ್ತೀನಿ!"

ಜಂಪಣ್ಣ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತ. "ಹೋತು ಭಾವ. ಇದೂ ಹೋತು."

ಯಾರಿಗೂ ಅರ್ಥವಾಗಲಿಲ್ಲ. ಚಿತ್ರಲಿಂಗಪ್ಪನವರೇ ಬಾಯಿ ಬಿಟ್ಟರು. "ನಮ್ಮ ಹೇಮಿ ಭಾಳ ಬುದ್ಧಿವಂತೆ ಮೇಷ್ಟ್ರೇ. ಮನಸ್ಸು ಬೆಣ್ಣೆ. ಆದ್ರೆ ಮಾತಿಗೆ ಯಾರಾದ್ರೂ ಅಡ್ಡ ಬಂದ್ರೆ, ಕೈಗೆ ಸಿಕ್ಕಿದ ಕಪ್ಪು ಗೋಡೆಗೆ. ಅಂಗಡಿ ನಮ್ದೇ ಆಗಿದ್ದಕ್ಕೆ ಸಂಸಾರ ನಡೀತೈತೆ. ಬಂದ ಗಂಡುಗಳೆಲ್ಲ ಸಾಧುಗಳು, ಸದ್ದು ಕೇಳಿ ಎದ್ದು ಹೋದ್ರು. ನೀವೂ ಪಿಂಗಾಣಿ ಪುಡಿ ಮಾಡ್ತೀರಿ ಅಂತ ಜಂಪಣ್ಣ ಫೋನ್ ಮಾಡಿದ್ದೇ ತಡ, ಸರಿಜೋಡಿ ಸಿಕ್ತು ಅಂತ ಓಡಿ ಬಂದ್ವಿ. ಒಂದಾದ್ರೂ ಒಡೀತೀರೇನೋ ಅಂತ ಬೆಳಗ್ಗಿಂದ ಕಾಯ್ತಾ ಇದೀವಿ."

ಮೇಷ್ಟ್ರಿಗೆ ಹಿಂದಿನ ವಾರದ ಬೆಕ್ಕು ನೆನಪಾಯಿತು. ಅದು ಬೆಕ್ಕಲ್ಲ, ತಮ್ಮ ಉತ್ತರವನ್ನು ಕೇಳಗೊಡಲಿಲ್ಲವೆಂದು ಹುಡುಗಿಗೆ ಎದ್ದ ಸಿಟ್ಟು! ಅವರಿಗೆ ಹೇಮಾವತಿ ಮೊದಲಿಗಿಂತ ಹತ್ತುಪಟ್ಟು ಇಷ್ಟವಾದಳು.

"ಒಡೀಲಿ ಬಿಡಿ! ನನಗೇನೂ ಅಭ್ಯಂತರ ಇಲ್ಲ!"

ಚಿತ್ರಲಿಂಗಪ್ಪನವರು ಗೋಡೆ ತುಂಬ ಇದ್ದ ಸೀಸೆ, ಗಾಜಿನ ನಳಿಕೆ, ಜಾಡಿಗಳ ಕಡೆ ಕೈ ತೋರಿಸಿದರು. "ನಿಮ್ಗಿಲ್ಲ, ನಂಗೈತೆ. ಇದನ್ನೆಲ್ಲ ಕಣ್ಣಾರೆ ನೋಡಿದ ಮ್ಯಾಲೆ ಅವಳನ್ನ ಈ ಮನೆ ತುಂಬ್ಸಿ ಆ ಪಾಪ ಹೊತ್ಕಳ್ಳಾಕೆ ಮನಸ್ಸು ಒಪ್ಪಲ್ಲ. ನಿಮ್ಮ ವಿದ್ಯೆ ದೊಡ್ಡದು. ಅದಕ್ಕೆ ಏಟು ಬೀಳಬಾರ್ದು." ಅವರು ನಿಜವಾಗಿಯೂ ಕೈ ಮುಗಿದರು.

ಮೇಷ್ಟ್ರು ಜೇಬಿನಿಂದ ಪುಟ್ಟ ಸೀಸೆ ತೆಗೆದರು. "ಇದನ್ನಾದ್ರೂ ಅವರಿಗೆ ಕೊಡಿ. ಏನದು ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ."

ಚಿತ್ರಲಿಂಗಪ್ಪನವರು ಸೀಸೆಯನ್ನು ತಿರುಗಿಸಿ ನೋಡಿ, ಮೆಲ್ಲಗೆ ವಾಪಸು ಅವರ ಅಂಗೈಯಲ್ಲಿಟ್ಟರು. "ಗಾಜಿಂದು ಮೇಷ್ಟ್ರೇ," ಅಂದರು. ಮೇಷ್ಟ್ರು ಕುಲುಮೆ ಆರಿಸಿದರು. ಜಂಪಣ್ಣ ಟೀ ಸೆಟ್ಟನ್ನು ಮತ್ತೆ ಪೆಟ್ಟಿಗೆಗೆ ತುಂಬಿದ.

ಅವರು ಆಟೋ ಹತ್ತುವುದರೊಳಗೆ ದಯಾನಂದ ಮೇಷ್ಟ್ರ ಭುಜ ಹಿಡಿದು ಅಲುಗಿಸಿದ. "ಏನಾದ್ರೂ ಒಡಿಯೋ! ಈಗ್ಲೇ ಒಡಿ! ಅವರು ನೋಡೋ ಹಂಗೆ ಒಡಿ!"

ಮೇಷ್ಟ್ರು ಸುತ್ತ ನೋಡಿದರು. ಪಿಂಗಾಣಿಯೆಲ್ಲ ಪಾಲಮ್ಮನ ಬೀಗದೊಳಗೆ. ಕೈಗೆ ಸಿಕ್ಕಿದ ಸ್ಟೀಲ್ ಲೋಟವನ್ನೇ ಎತ್ತಿ ನೆಲಕ್ಕೆ ಅಪ್ಪಳಿಸಿದರು. ಅದು ಠಣ್ ಎಂದು ಪುಟಿದು, ಇಳಿಜಾರಿನಲ್ಲಿ ಉರುಳಿ, ಹೊಸ್ತಿಲು ಹಾರಿ ಚಿತ್ರಲಿಂಗಪ್ಪನವರ ಕಾಲ ಬಳಿ ನಿಂತಿತು. ಅವರು ಅದನ್ನೆತ್ತಿ, ಟವೆಲಿನಲ್ಲಿ ಒರೆಸಿ, ಜಗಲಿಯ ಮೇಲಿಟ್ಟು, "ಕೈ ಜಾರ್ತಾ ಮೇಷ್ಟ್ರೇ? ಪರವಾಗಿಲ್ಲ ಬಿಡ್ರಿ," ಅಂದರು.

ಆಗ ಮೇಷ್ಟ್ರಿಗೆ ಮಂಚದ ಕೆಳಗಿನ ಕೊಳವೆ ನೆನಪಾಯಿತು. ಕಂಬಳಿ ಬಿಚ್ಚಿ, ಎರಡು ಕೈಯಲ್ಲೂ ಅದನ್ನೆತ್ತಿ ಬಾಗಿಲಿಗೆ ಬಂದು ನಿಂತರು. ಆಟೋದೊಳಗಿಂದ ಜಂಪಣ್ಣ ಅದನ್ನು ಕಂಡ. ಅವನ ಮುಖ ಅರಳಿತು. "ಭಾವ, ನೋಡ್ರಿ! ಒಡೀರಿ ಮೇಷ್ಟ್ರೇ, ಒಡೀರಿ!" ಚಿತ್ರಲಿಂಗಪ್ಪನವರೂ ಆಸೆಯಿಂದ ತಲೆ ಹೊರಗೆ ಹಾಕಿದರು. ಒಡೆದರೆ ಹೇಮಾವತಿ. ಒಡೆಯದಿದ್ದರೆ ಕೊಳವೆ. ಬೆಂಕಿಯಲ್ಲಿ ಹುಟ್ಟಿ ಬೆಂಕಿಗೆ ಅಂಜದ ಆ ಬೆಳ್ಳನೆಯ ನುಣುಪು ಅವರ ಅಂಗೈಗೆ ತಾಗಿತು. ಬಿರುಕು ಬಿಟ್ಟ ಹಳೆಯ ಕೊಳವೆ ನೆನಪಾಯಿತು. ಹೇಮಾವತಿಯ ಪ್ರಶ್ನೆಯೂ ನೆನಪಾಯಿತು; ಇದನ್ನು ಒಡೆದುಬಿಟ್ಟರೆ ಅವಳಿಗೆ ತೋರಿಸಲು ಉಳಿಯುವುದಾದರೂ ಏನು?

ಕೈ ಮೆಲ್ಲಗೆ ಕೆಳಗಿಳಿಯಿತು.

ಆಟೋ ಹೊರಟುಹೋಯಿತು. ದಯಾನಂದ ಹಣೆ ಚಚ್ಚಿಕೊಂಡು ಅದರ ಹಿಂದೆಯೇ ಓಡಿದ. ಮೇಷ್ಟ್ರು ಒಳಗೆ ಬಂದು, ಕೊಳವೆಯನ್ನು ಮೇಜಿನ ಮೇಲೆ ಹೂವಿನಂತೆ ಇಟ್ಟು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಒರೆಸಿಕೊಂಡದ್ದು ಸ್ವಲ್ಪ ಹೊತ್ತು. ಆ ಮನೆಯಲ್ಲಿ ಗುಂಡಗಿರುವ ಯಾವುದೂ ನಿಲ್ಲುವುದಿಲ್ಲ ಎಂದು ಬೆಳಿಗ್ಗೆ ತಾವೇ ಹೇಳಿದ್ದು, ದುಂಡಗಿದ್ದರೆ ಉರುಳುತ್ತವೆ ಎಂದು ಆಮೇಲೆ ಪಾಠ ಮಾಡಿದ್ದು, ಎರಡೂ ಆ ಗಳಿಗೆಯಲ್ಲಿ ಅವರ ತಲೆಯಲ್ಲಿರಲಿಲ್ಲ. ಕೊಳವೆಗೆ ಮಾತ್ರ ನೆನಪಿತ್ತು. ಮೇಜಿನ ಅಂಚಿನವರೆಗೆ ನಿಧಾನವಾಗಿ ಹೋಯಿತು, ಆಮೇಲೆ ನಿಧಾನ ಮಾಡಲಿಲ್ಲ.

ಫಳಾರ್ ಎಂದ ಸದ್ದು ಬೀದಿಯ ಆ ತುದಿಯವರೆಗೆ ಕೇಳಿಸುವಂತಿತ್ತು. ಆಟೋ ಅದನ್ನೂ ದಾಟಿ ಹೋಗಿತ್ತು.

"ಏನ್ರೀ ಮೇಷ್ಟ್ರೇ ಅದು?" ಗೋಡೆಯಾಚೆಯಿಂದ ಶಾಂತಕ್ಕ ಕೇಳಿದಳು.

ಮೇಷ್ಟ್ರು ಬಗ್ಗಿ ನೆಲದ ಮೇಲಿನ ಬಿಳಿ ಚೂರೊಂದನ್ನು ಎತ್ತಿಕೊಂಡರು.

"ಏನಿಲ್ಲ ಶಾಂತಕ್ಕ. ಪಿಂಗಾಣಿ ಪುಡಿ ಮಾಡಿದೆ."

"ಮಾಡ್ಕಳ್ರಿ ಮಾಡ್ಕಳ್ರಿ," ಅಂದಳು ಶಾಂತಕ್ಕ. "ಈ ಸಲ ಟೀವಿ ಏನೂ ಕುಗ್ಗಲಿಲ್ಲ."